ಯಾರ ತಲೆಗೆ ಎಷ್ಟು ಕಲ್ಲಿದ್ದಲು?

ಕಳೆದ ದೀಪಾವಳಿಗೆ ಚೆನ್ನೈನ ನಮ್ಮ ಕನ್ನಡ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಹೋಳಿಗೆ ಮುಗಿದು ಎಲೆ ಅಡಿಕೆಯ ತಟ್ಟೆ ಬರುವ ಹೊತ್ತಿಗೆ ಮಾತು ಹವಾಮಾನದ ಕಡೆ ತಿರುಗಿತು. ಗೆಳೆಯರೊಬ್ಬರು ಫೋನ್ ತೆಗೆದು ಒಂದು ಗ್ರಾಫ್ ತೋರಿಸಿದರು. ತಲಾ ಕಲ್ಲಿದ್ದಲು ಬಳಕೆ. ಮೇಲೆ ಚೀನಾದ ಗೆರೆ, ನಡುವೆ ಮೇಲಿಂದ ಜಾರಿ ಬರುತ್ತಿರುವ ಅಮೆರಿಕದ ಗೆರೆ, ತಳದಲ್ಲಿ ನಮ್ಮದು. "ನೋಡ್ರಿ, ನಾವು ಎಲ್ಲಿದೀವಿ, ಅವ್ರು ಎಲ್ಲಿದಾರೆ! ಇನ್ನು ಕಲ್ಲಿದ್ದಲಿನ ಬಗ್ಗೆ ಯಾರೂ ನಮಗೆ ಪಾಠ ಹೇಳೋ ಹಂಗಿಲ್ಲ" ಅಂದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಸ್ಕೂಟರಿನಲ್ಲಿ ರಾಯಪುರಂಗೆ ವಾಪಸಾಗುವಾಗ, ಬಂದರಿನ ಗೋಡೆಯ ಪಕ್ಕದ ರಸ್ತೆಯಲ್ಲಿ, ಆಡಿಸಿದ ತಲೆಯ ಬಗ್ಗೆ ನನಗೇ ನಾಚಿಕೆಯಾಯಿತು. ಆ ನಾಚಿಕೆಯೇ ಈ ಬರಹ.

ಮೊದಲು ಒಂದು ಮಾತು. ಆ ಗ್ರಾಫ್ ಸುಳ್ಳಲ್ಲ. ಅದರ ಮೇಲಿನ ಪ್ರತಿ ಅಂಕಿಯೂ ಸರಿಯಿದ್ದೀತು. ನನ್ನ ತಕರಾರು ಇರುವುದು ಅದರ ಕೈಲಿ ನಾವು ಹೇಳಿಸುತ್ತಿರುವ ಮಾತಿನ ಬಗ್ಗೆ.

ನಾನು ಎಂ.ಟೆಕ್ ಓದಿದ್ದು ಥರ್ಮಲ್ ಎಂಜಿನಿಯರಿಂಗ್, ಅನ್ನ ಹಾಕುತ್ತಿರುವುದು ಸಾಫ್ಟ್‌ವೇರ್. ಬಾಯ್ಲರಿನ ಲೆಕ್ಕ ಮರೆತು ಇಪ್ಪತ್ತು ವರ್ಷವಾಯಿತು, ಆದರೂ ಕೂಡಿಸಿ ಭಾಗಿಸುವುದು ಮರೆತಿಲ್ಲ. ಮನೆಗೆ ಬಂದವನೇ ಕಾಗದ ತೆಗೆದುಕೊಂಡು ಕೂತೆ.

1950-51ರಲ್ಲಿ ನಮ್ಮ ದೇಶ ಅಗೆದ ಕಲ್ಲಿದ್ದಲು ಸುಮಾರು 3.3 ಕೋಟಿ ಟನ್. ಜನ 36 ಕೋಟಿ. ತಲೆಗೆ 90 ಕಿಲೋ ಚಿಲ್ಲರೆ. ಗಣಿಗಳ ರಾಷ್ಟ್ರೀಕರಣ ಶುರುವಾಗುವ ಮೊದಲು, 1970ರ ಸುಮಾರಿಗೆ, ಅದು 130 ಕಿಲೋದ ಹತ್ತಿರ ಬಂದಿತ್ತು. 1990-91ಕ್ಕೆ 250 ಕಿಲೋ. 2010-11ರ ಹೊತ್ತಿಗೆ ದೇಶದ ಗಣಿಗಳದ್ದು 53 ಕೋಟಿ ಟನ್ ಮೀರಿತ್ತು, ಹಡಗಿನಲ್ಲಿ ಬಂದದ್ದನ್ನೂ ಕೂಡಿಸಿದರೆ ತಲೆಗೆ ಸುಮಾರು 500 ಕಿಲೋ. 2023-24ರಲ್ಲಿ ಗಣಿಯದ್ದು ಹತ್ತಿರ ಹತ್ತಿರ 100 ಕೋಟಿ ಟನ್, ಆಮದು ಇನ್ನೊಂದು 26 ಕೋಟಿ. ಭಾಗಿಸಿದರೆ ತಲೆಗೆ 870 ಕಿಲೋ ಆಸುಪಾಸು. ಅದರ ಮರುವರ್ಷ ಗಣಿಯದ್ದೇ 100 ಕೋಟಿ ಟನ್ ದಾಟಿತು, ಅದನ್ನು ಹಬ್ಬದಂತೆ ಸಾರಿದ್ದನ್ನು ನೀವೂ ಓದಿರಬೇಕು. ಎಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಒಂದು ತಲೆಯ ಪಾಲು ಒಂಬತ್ತು ಹತ್ತು ಪಟ್ಟಾಗಿದೆ. ಜನಸಂಖ್ಯೆ ನಾಲ್ಕು ಪಟ್ಟಾಗಿದ್ದು ಬೇರೆ.

ಈ ಏರಿಕೆಯ ಒಳಗೆ ಇನ್ನೊಂದು ಬದಲಾವಣೆ ಅಡಗಿದೆ, ಗ್ರಾಫ್ ಅದನ್ನು ತೋರಿಸುವುದಿಲ್ಲ. 1950ರ ಕಲ್ಲಿದ್ದಲು ಕಣ್ಣಿಗೆ ಕಾಣುತ್ತಿತ್ತು. ರೈಲಿನ ಎಂಜಿನ್ ಹೊಗೆ ಕಾರುತ್ತಿತ್ತು, ಕಿಟಕಿಯ ಪಕ್ಕ ಕೂತವರ ಕಣ್ಣಿಗೆ ಕಿಡಿ ಬೀಳುತ್ತಿತ್ತು, ಗಿರಣಿಯ ಚಿಮಣಿ ಊರ ನಡುವೆ ನಿಂತಿರುತ್ತಿತ್ತು. ಬಳಸುವವನ ಅಂಗಿಗೂ ಮಸಿ ಹತ್ತುತ್ತಿತ್ತು. ಇವತ್ತು ಅದರ ಮುಕ್ಕಾಲು ಪಾಲು ವಿದ್ಯುತ್ ಸ್ಥಾವರಗಳಿಗೆ ಹೋಗುತ್ತದೆ. ನಮಗೆ ಬರುವುದು ಗೋಡೆಯ ಒಳಗಿನ ತಂತಿಯಲ್ಲಿ, ಬೆಳ್ಳಗೆ. ಕಲ್ಲಿದ್ದಲು ಹೆಚ್ಚಿದಷ್ಟೂ ಅದು ನಮ್ಮ ಕಣ್ಣಿಂದ ಮರೆಯಾಗಿದೆ. ನನ್ನ ಹದಿನಾಲ್ಕು ವರ್ಷದ ಮಗಳು ಕಲ್ಲಿದ್ದಲಿನ ತುಂಡನ್ನು ನೋಡಿರುವುದು ಶಾಲೆಯ ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮಾತ್ರ.

ಇನ್ನು ಬೇರೆಯವರ ಲೆಕ್ಕ. ಚೀನಾದಲ್ಲಿ ಈಗ ತಲೆಗೆ ಮೂರು ಟನ್ನಿಗೂ ಹೆಚ್ಚು. ಅಮೆರಿಕ 2005ರ ಸುಮಾರಿಗೆ ತಲೆಗೆ ಮೂರು ಟನ್ ದಾಟಿ ಸುಡುತ್ತಿತ್ತು, ಈಗ ಇಳಿದು ಒಂದು ಟನ್ನಿನ ಚೂರು ಮೇಲಿದೆ. ಬ್ರಿಟನ್ 1950ರ ದಶಕದ ನಡುವೆ ತಲೆಗೆ ನಾಲ್ಕು ಟನ್ನಿಗೂ ಹೆಚ್ಚು ಸುಟ್ಟು, ಲಂಡನ್ನಿನ ಹೊಗೆಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡು, ನಿಧಾನಕ್ಕೆ ಇಳಿದು, 2024ರ ಸೆಪ್ಟೆಂಬರ್ 30ರಂದು ತನ್ನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಿತು. ಇಷ್ಟೆಲ್ಲ ಸುಟ್ಟು ಶ್ರೀಮಂತರಾದವರು ನಮ್ಮ ಕಡೆ ಬೆರಳು ತೋರಿಸಿದರೆ ನನಗೂ ಸಿಟ್ಟು ಬರುತ್ತದೆ. 2021ರಲ್ಲಿ ಗ್ಲಾಸ್ಗೋ ಸಮಾವೇಶದ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು 'ಕೈಬಿಡುವುದು' ಎಂಬ ಮಾತು 'ತಗ್ಗಿಸುವುದು' ಎಂದು ಬದಲಾಗಲಿ ಎಂದು ಭಾರತ ಹಟ ಹಿಡಿದಾಗ ಅದರಲ್ಲಿ ನ್ಯಾಯವಿತ್ತೆಂದೇ ನನ್ನ ಭಾವನೆ. ದೇಶ ದೇಶಗಳ ನಡುವೆ ತಲಾ ಲೆಕ್ಕ ನ್ಯಾಯದ ಲೆಕ್ಕ. ಅದನ್ನು ಬಿಟ್ಟುಕೊಡಬಾರದು.

ಆದರೆ ಅದೇ ಲೆಕ್ಕವನ್ನು ಗಡಿ ದಾಟಿಸಿ ಒಳಗೆ ತಂದು, ನಮ್ಮ ನಮ್ಮ ಡ್ರಾಯಿಂಗ್ ರೂಮಿನಲ್ಲಿ ಕೂತು 'ನಾವು ಕಡಿಮೆ ಸುಡುವವರು' ಅಂತ ಹೇಳಿಕೊಳ್ಳುತ್ತೇವಲ್ಲ, ಅಲ್ಲಿ ಮೋಸ ಶುರುವಾಗುತ್ತದೆ. ಆ ಹೋಳಿಗೆ ಊಟದ ಮನೆಯಲ್ಲಿ ಮೂರು ಎ.ಸಿ. ಓಡುತ್ತಿದ್ದವು. ಆ 'ನಾವು' ಯಾರು?

ನನ್ನ ಕಸುಬಿನಲ್ಲಿ ಈ ಮೋಸಕ್ಕೆ ಹೆಸರೇ ಇದೆ. ಹಲವು ವರ್ಷದ ಹಿಂದೆ ಒಂದು ಗ್ರಾಹಕ ಸಂಸ್ಥೆಗೆ ನಮ್ಮ ತಂಡ ಬರೆದ ಅಪ್ಲಿಕೇಶನ್ನಿನ ವೇಗದ ವರದಿ ಒಪ್ಪಿಸಬೇಕಿತ್ತು. ಪರದೆ ತೆರೆಯಲು ಸರಾಸರಿ ಎರಡು ಸೆಕೆಂಡ್ ಅಂತ ದೊಡ್ಡ ಅಕ್ಷರದಲ್ಲಿ ತೋರಿಸಿದೆ. ನಗರದ ಕಚೇರಿಗಳಲ್ಲಿ ಅರ್ಧ ಸೆಕೆಂಡಿಗೆ ತೆರೆಯುತ್ತಿತ್ತು, ದೂರದ ಹತ್ತು ಹನ್ನೆರಡು ಶಾಖೆಗಳಲ್ಲಿ ನಲವತ್ತು ಸೆಕೆಂಡ್. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಸರಾಸರಿ ತೋರಿಸಿದ್ದೆ. ಎದುರಿಗೆ ಕೂತಿದ್ದ ಹಿರಿಯರೊಬ್ಬರು ತಣ್ಣಗೆ ಕೇಳಿದರು: "ಇದು ಯಾವ ಶಾಖೆಯ ಸಮಯ?" ಯಾವ ಶಾಖೆಯದೂ ಆಗಿರಲಿಲ್ಲ. ಅಂದಿನಿಂದ ನನ್ನ ತಂಡದಲ್ಲಿ ಯಾರೂ ಬರಿಯ ಸರಾಸರಿ ತರುವ ಹಾಗಿಲ್ಲ, ಅತ್ಯಂತ ಕಷ್ಟದಲ್ಲಿರುವ ಐದು ಶೇಕಡಾ ಬಳಕೆದಾರರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲು ಹೇಳಬೇಕು. ಒಂದು ಪರದೆ ತೆರೆಯುವ ವಿಷಯಕ್ಕೆ ಇಷ್ಟು ಕಟ್ಟುನಿಟ್ಟು ಮಾಡುವ ನಾವು ದೇಶದ ಉಸಿರಿನ ವಿಷಯಕ್ಕೆ ಸರಾಸರಿಯನ್ನು ಬಾಯಿಮುಚ್ಚಿ ಒಪ್ಪುತ್ತೇವೆ.

870 ಕಿಲೋ ಯಾರ ತಲೆಯದು? ಕಾಗದದಲ್ಲಿ ಎರಡು ಮನೆಗಳ ಲೆಕ್ಕ ಹಾಕಿದೆ. ಒಂದು ನನ್ನದು. ನಾನು, ಹೆಂಡತಿ, ಮಗಳು, ರಾಯಚೂರು ಸೀಮೆಯಿಂದ ಬಂದು ನಮ್ಮೊಡನಿರುವ ಅಮ್ಮ. ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್ಲುಗಳನ್ನು ಕೂಡಿಸಿದರೆ ವರ್ಷಕ್ಕೆ 4,800 ಯೂನಿಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಸುಮಾರು 700 ಗ್ರಾಂ ಬೇಕು. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದು. ಹಾಗಾಗಿ ಯೂನಿಟ್ಟಿಗೆ ಅರ್ಧ ಕಿಲೋ ಅಂತ ಹಿಡಿದೆ. ತಂತಿಯಲ್ಲಿ ಸೋರುವುದನ್ನು ಬಿಟ್ಟೆ. 2,400 ಕಿಲೋ. ತಲೆಗೆ 600. ಇದು ಮನೆಯ ಮೀಟರ್ ಒಂದರದ್ದೇ. ನನ್ನ ಆಫೀಸಿನ ಎ.ಸಿ., ನಾನು ನಿಭಾಯಿಸುವ ಸರ್ವರುಗಳು, ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು, ಅದರ ಸಿಮೆಂಟು, ಉಕ್ಕು ಯಾವುದೂ ಸೇರಿಲ್ಲ. ಊದುಕುಲುಮೆಯಲ್ಲಿ ಒಂದು ಟನ್ ಉಕ್ಕು ತೆಗೆಯಲು ಮುಕ್ಕಾಲು ಟನ್ ಕಲ್ಲಿದ್ದಲು ಬೇಕು.

ಇನ್ನೊಂದು ಮನೆ ನಮ್ಮ ಬೀದಿಯ ತುದಿಯಲ್ಲಿ ಮೀನು ಮಾರುವ ಅಕ್ಕನದು. ಬೆಳಗಿನ ಜಾವ ಮೂರಕ್ಕೆ ಕಾಸಿಮೇಡಿನ ಮೀನುಗಾರಿಕೆ ಬಂದರಿಗೆ ಹೋಗಿ, ಹರಾಜಿನಲ್ಲಿ ಬುಟ್ಟಿ ಹಿಡಿದು, ಎಂಟಕ್ಕೆಲ್ಲ ನಮ್ಮ ಗೇಟಿನ ಮುಂದಿರುತ್ತಾಳೆ. ಮನೆಯಲ್ಲಿ ಆರು ಜನ, ಎರಡು ಫ್ಯಾನು, ಒಂದು ಹಳೆಯ ಫ್ರಿಜ್ಜು, ಟಿ.ವಿ. ಎರಡು ತಿಂಗಳಿಗೆ 120 ಯೂನಿಟ್ ಆಗುತ್ತದಂತೆ. ತಮಿಳುನಾಡಿನಲ್ಲಿ ಮೊದಲ 100 ಯೂನಿಟ್ ಉಚಿತ, ಉಳಿದದ್ದಕ್ಕೆ ಚಿಲ್ಲರೆ ಕಾಸು. ವರ್ಷಕ್ಕೆ 720 ಯೂನಿಟ್, 360 ಕಿಲೋ, ತಲೆಗೆ 60. ನನ್ನ ಹತ್ತನೇ ಒಂದು. ಅಂದಹಾಗೆ ಆ ಉಚಿತ 100 ಯೂನಿಟ್ ನನಗೂ ಇದೆ. ಬೇಡ ಅಂತ ನಾನು ಬರೆದುಕೊಟ್ಟಿಲ್ಲ.

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಅಂತಾರೆ. ತಲಾ ಲೆಕ್ಕ ಇದನ್ನೇ ತಿರುಗಿಸಿ ಮಾಡುತ್ತದೆ. ಆನೆ ಕದ್ದವನನ್ನೂ ಏನೂ ಕದಿಯದವಳನ್ನೂ ಒಟ್ಟಿಗೆ ನಿಲ್ಲಿಸಿ, ಕೂಡಿಸಿ, ಭಾಗಿಸಿ, 'ಇಬ್ಬರ ಕೈಲೂ ಸ್ವಲ್ಪ ಸ್ವಲ್ಪವೇ ಇದೆ' ಎಂದು ಬಿಟ್ಟುಬಿಡುತ್ತದೆ. ಗ್ಲಾಸ್ಗೋದಲ್ಲಿ ನಮ್ಮ ದೇಶಕ್ಕೆ ಮಾತಿನ ಬಲ ಕೊಟ್ಟದ್ದು ನಾನಲ್ಲ, ಈ ಅಕ್ಕ. ಅವಳಂಥ ಕೋಟ್ಯಂತರ ಜನ ಕಡಿಮೆ ಸುಟ್ಟದ್ದರಿಂದಲೇ ಸರಾಸರಿ ಕೆಳಗಿದೆ. ಆ ಕೆಳಗಿನ ಗೆರೆಯ ನೆರಳಿನಲ್ಲಿ ಕೂತು ನಾನು ಎ.ಸಿ. ಹಾಕಿಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ಇದೊಂದು ಸಾಮಾನ್ಯ ಬಡವ ಬಲ್ಲಿದ ಕಥೆ. ನಾನಿರುವ ಜಾಗ ಇನ್ನೂ ಸ್ವಲ್ಪ ಹೇಳುತ್ತದೆ.

ರಾಯಪುರಂ ಅಂದರೆ ದಕ್ಷಿಣ ಭಾರತದ ಮೊದಲ ರೈಲು ಹೊರಟ ಊರು. 1856ರಲ್ಲಿ ಇಲ್ಲಿಂದ ವಾಲಾಜಾ ರೋಡಿನ ಕಡೆಗೆ. ಕಂಬಸಾಲಿನ ಆ ನಿಲ್ದಾಣ ಇಂದಿಗೂ ಇದೆ. ರೈಲಿನ ಜೊತೆಗೇ ಕಲ್ಲಿದ್ದಲೂ ಈ ಊರಿಗೆ ನೆಂಟನಾಯಿತು. ಆಮೇಲೆ ಬಂದರು ಬೆಳೆಯಿತು. ಚೆನ್ನೈ ಬಂದರಿನ ಉತ್ತರದ ಗೋಡೆಗೆ ಅಂಟಿಕೊಂಡೇ ರಾಯಪುರಂ ಇದೆ. ದಶಕಗಳ ಕಾಲ ಆ ಗೋಡೆಯಾಚೆ ಎರಡು ರಾಶಿಗಳು: ಒಂದು ಹಡಗಿನಿಂದ ಇಳಿದ ಕಪ್ಪು ಕಲ್ಲಿದ್ದಲು, ಇನ್ನೊಂದು ಹಡಗೇರಲು ಕಾದ ಕೆಂಪು ಅದಿರು. ಆ ಕೆಂಪು ನಮ್ಮದೇ, ಬಳ್ಳಾರಿ ಹೊಸಪೇಟೆಯಿಂದ ಗೂಡ್ಸ್ ಗಾಡಿಯಲ್ಲಿ ಬಂದದ್ದು. ಸಂಡೂರಿನ ಗುಡ್ಡ ಕರಗಿ ಜಪಾನಿಗೆ ಹೋಗುವ ದಾರಿಯಲ್ಲಿ ಚೂರು ಚೂರೇ ರಾಯಪುರಂ ಜನರ ಎದೆಯೊಳಗೂ ಇಳಿದಿತ್ತು. ನಮ್ಮ ಕಟ್ಟಡದ ಹಿರಿಯರು ಈಗಲೂ ಹೇಳುತ್ತಾರೆ: ಬಟ್ಟೆಯನ್ನು ಮನೆಯೊಳಗೇ ಒಣಗಿಸಬೇಕಿತ್ತು, ಅನ್ನ ಮುಚ್ಚಿಡಬೇಕಿತ್ತು, ಮಕ್ಕಳು ಆಡಿ ಬಂದರೆ ಹಿಮ್ಮಡಿ ಕಪ್ಪು.

ಜನ ಕೋರ್ಟಿಗೆ ಹೋದರು. 2011ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಕಲ್ಲಿದ್ದಲು, ಕಬ್ಬಿಣದ ಅದಿರಿನಂಥ ದೂಳಿನ ಸರಕನ್ನು ಚೆನ್ನೈ ಬಂದರಿನಲ್ಲಿ ನಿಲ್ಲಿಸಿ ಎನ್ನೂರಿನ ಬಂದರಿಗೆ ಸಾಗಿಸಬೇಕೆಂದು ಆದೇಶ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್ ಒಂದರಿಂದ ಇಲ್ಲಿ ಕಲ್ಲಿದ್ದಲು ನಿಂತಿತು. ಒಂದು ಬಂದರನ್ನು ಅದರ ನೆರೆಯವರು ಹಿಮ್ಮೆಟ್ಟಿಸಿದ್ದು ಸಣ್ಣ ಸಂಗತಿಯಲ್ಲ. ಆ ಜನರ ಬಗ್ಗೆ ನನಗೆ ಗೌರವವಿದೆ.

ನಾನು ಇಲ್ಲಿ ಮನೆ ಕೊಂಡದ್ದು 2013ರಲ್ಲಿ. ಹೆಂಡತಿಯ ಕೆಲಸ ಹತ್ತಿರದ ಆಸ್ಪತ್ರೆಯೊಂದರಲ್ಲಿ. ದಕ್ಷಿಣ ಚೆನ್ನೈನ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬ್ರೋಕರ್ ಬಾಲ್ಕನಿಯ ಬಾಗಿಲು ತೆಗೆದು, ಕಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ನನ್ನ ಕಣ್ಣಿನ ಮುಂದೆ ಹಿಡಿದು ಹೇಳಿದ: "ಪಾರುಂಗ ಸಾರ್, ಇಪ್ಪೊ ಕರಿ ಇಲ್ಲೆ." ನೋಡಿ ಸಾರ್, ಈಗ ಕರಿ ಇಲ್ಲ. ಆ ಬೆರಳು ನೋಡಿಯೇ ನಾನು ಮುಂಗಡ ಕೊಟ್ಟೆ. ಹೋರಾಡಿದವರು ಅವರು, ಲಾಭ ಸಿಕ್ಕಿದ್ದು ನನಗೆ. ಕಲ್ಲಿದ್ದಲು ಹೋದ ಮೇಲೆ ಬೆಲೆ ಏರಿತು. ಬಾಡಿಗೆಗಿದ್ದ ಎಷ್ಟೋ ಹಳಬರು ಇಲ್ಲಿಂದ ಎದ್ದು ಹೋದರು.

ಆದರೆ ಕರಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ, ಮೀನಿನ ಅಕ್ಕ ಕೇಳುವಂತೆ ಮಾಡಿದಳು. ಒಂದು ದಿನ ಬಂಗಡೆ ಹೆಚ್ಚುತ್ತಾ, ಏನೋ ಮಾತಿಗೆ ಮಾತು ಬಂದು ಅಂದಳು: "ನಮಗೆ ಹೋಯ್ತು ಸಾರ್. ನನ್ನ ತಂಗಿಯನ್ನ ಎನ್ನೂರಿಗೆ ಕೊಟ್ಟಿದೀವಿ. ಅವಳ ಮನೆಗೆ ಹೋಯ್ತು." ಅವಳ ದನಿಯಲ್ಲಿ ದೂರು ಇರಲಿಲ್ಲ, ವರದಕ್ಷಿಣೆಯ ಪಾತ್ರೆ ಕಳಿಸಿದಂತೆ ಹೇಳಿದಳು.

ರಾಯಪುರಂನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ ಎನ್ನೂರು. 2001ರಲ್ಲಿ ಅಲ್ಲಿನ ಬಂದರು ಶುರುವಾದದ್ದೇ ಮುಖ್ಯವಾಗಿ ಕಲ್ಲಿದ್ದಲಿಗಾಗಿ. ಒಡಿಶಾದ ಗಣಿಯಿಂದ ಪಾರಾದೀಪದವರೆಗೆ ರೈಲು, ಅಲ್ಲಿಂದ ಇಲ್ಲಿಗೆ ಹಡಗು, ಹಡಗಿನಿಂದ ಸ್ಥಾವರಕ್ಕೆ ಬೆಲ್ಟು. 1970ರಲ್ಲಿ ಶುರುವಾಗಿದ್ದ ಹಳೆಯ ಎನ್ನೂರು ಸ್ಥಾವರ 2017ರಲ್ಲಿ ಮುಚ್ಚಿತು. ಆದರೆ ಸುತ್ತಮುತ್ತ ಉತ್ತರ ಚೆನ್ನೈ ಸ್ಥಾವರದ ಹಂತಗಳು, ವಲ್ಲೂರಿನ 1,500 ಮೆಗಾವಾಟ್, ಹೀಗೆ ಒಂದರ ಪಕ್ಕ ಒಂದು ಎದ್ದವು. 2024ರ ಮಾರ್ಚಿನಲ್ಲಿ ಇನ್ನೊಂದು 800 ಮೆಗಾವಾಟಿನ ಘಟಕ ಉದ್ಘಾಟನೆಯಾಯಿತು. ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೂದಿಯ ಕೆಸರು ಸೋರಿ ತುಂಬಿದ್ದು ಹಸಿರು ನ್ಯಾಯಮಂಡಳಿಯ ಕಡತಗಳಲ್ಲಿ ದಾಖಲಾಗಿದೆ. 2017ರಲ್ಲಿ ಟಿ.ಎಂ. ಕೃಷ್ಣ ಆ ಅಳಿವೆಯ ಬೂದಿಯಲ್ಲೇ ನಿಂತು ಹಾಡಿದ 'ಚೆನ್ನೈ ಪೊರಂಬೋಕ್ಕು ಪಾಡಲ್' ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹಾಡು ಎಲ್ಲರಿಗೂ ತಲುಪಿತು. ಸೀಗಡಿ ಹಿಡಿಯಲು ಸೊಂಟದ ಆಳದ ನೀರಿಗೆ ಇಳಿಯುತ್ತಿದ್ದವರು ಈಗ ಮೊಣಕಾಲುದ್ದದ ಕೆಸರಿಗೆ ಇಳಿಯುತ್ತಾರೆ.

ಅಂದರೆ 2011ರಲ್ಲಿ ಕಲ್ಲಿದ್ದಲು ಕಡಿಮೆಯಾಗಲಿಲ್ಲ. ದನಿ ಇದ್ದವರ ಬೀದಿಯಿಂದ ದನಿ ಕಡಿಮೆ ಇದ್ದವರ ಬೀದಿಗೆ ವರ್ಗವಾಯಿತು. ತಲಾ ಗ್ರಾಫಿನಲ್ಲಿ ಆ ವರ್ಷ ಒಂದು ಚುಕ್ಕೆಯೂ ಅಲುಗಲಿಲ್ಲ. ಹೇಗೆ ಅಲುಗೀತು? ತಲೆಗಳನ್ನು ಎಣಿಸುವ ಲೆಕ್ಕಕ್ಕೆ ಯಾವ ತಲೆಯ ಮೇಲೆ ದೂಳು ಬಿತ್ತು ಅಂತ ಗೊತ್ತಾಗುವುದಿಲ್ಲ.

ಈಗ ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. 'ಪಾಪ, ಚೆನ್ನೈ ಗೋಳು' ಅಂತ ಪುಟ ತಿರುವಬೇಡಿ. ವಲ್ಲೂರಿನ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ನೈವೇಲಿಯ ಲಿಗ್ನೈಟಿನಲ್ಲೂ ಪಾಲಿದೆ. ನಾವು ಕನ್ನಡಿಗರಿಗೆ ನೀರಿನ ವಿದ್ಯುತ್ತಿನ ಹೆಮ್ಮೆ ದೊಡ್ಡದು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದವರು ನಾವು, ಶರಾವತಿಯನ್ನು ಕಟ್ಟಿದವರು ನಾವು, ಈಗ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕನ್ನು ತೋರಿಸಿ ಬೀಗುವವರೂ ನಾವೇ. ಆದರೆ ಸಂಜೆ ಏಳಕ್ಕೆ ಪಾವಗಡದಲ್ಲಿ ಸೂರ್ಯ ಇರುವುದಿಲ್ಲ. ಆಗ ಉರಿಯುವುದು ರಾಯಚೂರು, ಕುಡತಿನಿ, ಯರಮರಸು, ಪಡುಬಿದ್ರಿ ಪಕ್ಕದ ನಂದಿಕೂರು. ಒಂದೂ ಕಲ್ಲಿದ್ದಲು ಗಣಿ ಇಲ್ಲದ ರಾಜ್ಯದಲ್ಲಿ ಸಾವಿರಾರು ಮೆಗಾವಾಟ್ ಕಲ್ಲಿದ್ದಲು ಸ್ಥಾವರಗಳಿವೆ. ಗಣಿಯ ಹೊಂಡ ತೆಲಂಗಾಣ, ಮಹಾರಾಷ್ಟ್ರ, ಇಂಡೋನೇಷ್ಯಾಗಳ ಪಾಲಿಗೆ, ಬೂದಿ ಕಲ್ಯಾಣ ಕರ್ನಾಟಕ ಮತ್ತು ಕರಾವಳಿಯ ಪಾಲಿಗೆ, ಬೆಳಕು ಹೆಚ್ಚಾಗಿ ರಾಜಧಾನಿಯ ಪಾಲಿಗೆ. ಈ ಹಂಚಿಕೆಗೆ ಯಾರು ಸಹಿ ಹಾಕಿದರು?

ಇನ್ನೊಂದು ತಾಂತ್ರಿಕ ಮಾತು, ಸ್ವಲ್ಪ ತಾಳ್ಮೆಯಿರಲಿ. ಟನ್ ಟನ್ನೆಲ್ಲ ಒಂದೇ ಅಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಶಾಖ ಕಡಿಮೆ, ಬೂದಿ ಜಾಸ್ತಿ, ಸಾಧಾರಣವಾಗಿ ಮೂವತ್ತರಿಂದ ನಲವತ್ತು ಶೇಕಡಾ. ಹಾಗಾಗಿ ಶಾಖದ ಲೆಕ್ಕದಲ್ಲಿ ತಲಾ ಬಳಕೆ ಗ್ರಾಫ್ ತೋರಿಸುವುದಕ್ಕಿಂತಲೂ ಕಡಿಮೆ. ಗೆಳೆಯರು ಖುಷಿಪಡಬಹುದು. ಆದರೆ ಪ್ರತಿ ಟನ್ನಿಗೂ ಮುನ್ನೂರು ನಾನ್ನೂರು ಕಿಲೋ ಬೂದಿ ಎಲ್ಲೋ ಒಂದು ಕಡೆ ಇಳಿಯಲೇಬೇಕು. ನನ್ನ ಮನೆಯ 2,400 ಕಿಲೋಗೆ ಏಳೆಂಟು ಕ್ವಿಂಟಾಲ್ ಬೂದಿ, ಪ್ರತಿ ವರ್ಷ. ಈ ಲೆಕ್ಕ ಅಮ್ಮನಿಗೆ ಓದಿ ಹೇಳಿದಾಗ ಅವಳು ಕೇಳಿದಳು: "ಅಷ್ಟು ಬೂದಿ ನಮ್ಮ ಅಂಗಳಕ್ಕ ತಂದು ಸುರುವಿದ್ರ ಬಿಲ್ಲು ಕಟ್ತಿದ್ದೇನೋ ನೀನು?" ಉತ್ತರ ಇರಲಿಲ್ಲ.

ಎದುರು ವಾದ ನನಗೆ ಗೊತ್ತು. 'ಹಾಗಾದರೆ ಸ್ಥಾವರ ಮುಚ್ಚಿ ಕತ್ತಲಲ್ಲಿ ಕೂರೋಣವೇ? ಆ ಮೀನಿನ ಅಕ್ಕನಿಗೇ ಮೊದಲು ಕರೆಂಟು ಹೋಗುತ್ತದೆ.' ಈ ವಾದದ ಕೊನೆಯ ವಾಕ್ಯ ನಿಜ, ಅದಕ್ಕೇ ನಾನು ನಾಳೆ ಬೆಳಿಗ್ಗೆ ಮುಚ್ಚಿ ಅನ್ನುತ್ತಿಲ್ಲ. ಅಕ್ಕನ 60 ಕಿಲೋ ಇನ್ನೂ ಏರಬೇಕು. ಅವಳ ಮಗಳಿಗೆ ಮೇ ತಿಂಗಳಲ್ಲಿ ಓದಲು ತಣ್ಣನೆಯ ಕೋಣೆ ಬೇಕು. ನನ್ನ ಮಾತು ಇಷ್ಟೇ: ಬೆಳೆಯುವ ಹಕ್ಕು ಅವಳದು, ಆ ಹಕ್ಕಿನ ಪತ್ರ ಹಿಡಿದು ನಾನು ಸಾಲಿನಲ್ಲಿ ಮುಂದೆ ನಿಲ್ಲಬಾರದು. 'ಬಡವರಿಗಾಗಿ ಕಲ್ಲಿದ್ದಲು' ಎಂದು ಹೇಳಿ ಡೇಟಾ ಸೆಂಟರಿಗೆ ಸುಡುವುದು ಬೇರೆಯವರ ರೇಷನ್ ಕಾರ್ಡಿನಲ್ಲಿ ಅಕ್ಕಿ ತಂದ ಹಾಗೆ.

'ದಕ್ಷತೆ ಹೆಚ್ಚುತ್ತಿದೆ, ಎಲ್‌ಇಡಿ ಬಂದಿದೆ, ತಾನಾಗಿಯೇ ಇಳಿಯುತ್ತದೆ' ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದಕ್ಕೆ ಉತ್ತರ ಬರೆದಿಟ್ಟಿದ್ದಾನೆ: ಎಂಜಿನ್ ಕಡಿಮೆ ಕಲ್ಲಿದ್ದಲು ತಿನ್ನುವಂತಾದರೆ ಎಂಜಿನುಗಳೇ ಹೆಚ್ಚುತ್ತವೆ, ಒಟ್ಟು ಬಳಕೆ ಏರುತ್ತದೆ. ನಮ್ಮ ಮನೆಯಲ್ಲೇ ನೋಡಿ. ಅಮ್ಮನ ಮನೆಯಲ್ಲಿ ಒಂದು ಬಲ್ಬು ಇತ್ತು. ನನ್ನ ಮನೆಯಲ್ಲಿ ಮೂವತ್ತೆರಡು ಎಲ್‌ಇಡಿಗಳಿವೆ, ಅದರಲ್ಲಿ ಎಂಟು ದೇವರ ಕೋಣೆಯ ಅಲಂಕಾರಕ್ಕೆ.

ಸರಿ, ಏನು ಮಾಡಬೇಕು ಅಂತೀಯಾ? ಪ್ರಾಜೆಕ್ಟ್ ಮ್ಯಾನೇಜರ್ ಅಲ್ಲವೇ, ಪಟ್ಟಿ ಇಲ್ಲದೆ ಮೀಟಿಂಗ್ ಮುಗಿಸುವವನಲ್ಲ.

ಮೊದಲನೆಯದು ದುಡ್ಡಿನ ವಿಷಯ. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು, ಶುದ್ಧ ಇಂಧನದ ಹೆಸರಿನಲ್ಲಿ. 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣವೆಲ್ಲ ರಾಜ್ಯಗಳ ತೆರಿಗೆ ನಷ್ಟ ತುಂಬುವ ಕಡೆಗೆ ತಿರುಗಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ಸೇ ಹೋಯಿತು, ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿ ಐದರಿಂದ ಹದಿನೆಂಟು ಶೇಕಡಾ ಆಯಿತು. ನನ್ನ ಮನೆಯ 2,400 ಕಿಲೋಗೆ ಆ ದರದಲ್ಲಿ ವರ್ಷಕ್ಕೆ 960 ರೂಪಾಯಿ. ಇಷ್ಟು ವರ್ಷ ಯೂನಿಟ್ಟಿನ ಬೆಲೆಯೊಳಗೆ ಸೇರಿ ನಮ್ಮಿಂದ ಹೋದ ಹಣ ಅದು. ಯಾರ ಹೆಸರಿನಲ್ಲಿ ಎತ್ತಿದರೋ ಅವರ ಅಂಗಳಕ್ಕೆ ಹೋಗಬೇಕೆಂಬ ನಿಯಮ ಅದರಲ್ಲಿ ಇರಲೇ ಇಲ್ಲ.

ಆದರೆ ನಿಯಮಕ್ಕೆ ಮಾದರಿ ನಮ್ಮಲ್ಲೇ ಇದೆ. 2015ರಲ್ಲಿ ಗಣಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಮಾಡಿದರು. ಗಣಿಯ ರಾಜಧನದ ಜೊತೆಗೆ ಒಂದಿಷ್ಟು ಹಣ ಗಣಿಪೀಡಿತ ಜಿಲ್ಲೆಗೇ ಹೋಗಬೇಕು. ಬಳ್ಳಾರಿಯವರಿಗೆ ಇದು ಗೊತ್ತು. ಅದು ಹೇಗೆ ಖರ್ಚಾಗುತ್ತಿದೆ ಎಂಬ ಜಗಳ ಬೇರೆ, ಕಡೇಪಕ್ಷ ಜಗಳವಾಡಲು ಒಂದು ಖಾತೆಯಾದರೂ ಇದೆ. ಅಗೆಯುವ ಊರಿಗೆ ಖಾತೆ ಉಂಟು, ಸುಡುವ ಊರಿಗೆ ಯಾಕಿಲ್ಲ? ಎನ್ನೂರಿಗೆ, ರಾಯಚೂರಿಗೆ, ಉಡುಪಿಯ ಆ ಹಳ್ಳಿಗಳಿಗೆ, ಸುಟ್ಟ ಪ್ರತಿ ಟನ್ನಿಗೆ ಇಷ್ಟು ಎಂದು ನೇರವಾಗಿ ಹೋಗುವ ಹಣ ಬೇಕು. ಆಸ್ಪತ್ರೆಗೆ, ನೀರಿಗೆ, ನದಿಯ ಬೂದಿ ಎತ್ತಲು. ಹಣ ಬರುವುದು ದೊಡ್ಡ ಬಿಲ್ಲುಗಳಿಂದ. ಎರಡು ತಿಂಗಳಿಗೆ 500 ಯೂನಿಟ್ ದಾಟಿದ ನನ್ನಂಥವರ ಮೇಲೆ ಹಾಕಿ. ಬಿಲ್ಲಿನಲ್ಲೇ ಮುದ್ರಿಸಿ: 'ಈ ವಿದ್ಯುತ್ತಿನ ಬೂದಿ ಇಂಥ ಊರಿನಲ್ಲಿದೆ.'

ಎರಡನೆಯದು ಲೆಕ್ಕದ ವಿಷಯ. ತಲಾ ಅಂಕಿ ಹೇಳುವಾಗ ಅದರ ಪಕ್ಕದಲ್ಲೇ ಇನ್ನೆರಡು ಅಂಕಿ ಹೇಳಲಿ. ಮೇಲಿನ ಹತ್ತು ಶೇಕಡಾ ಮನೆಗಳು ಎಷ್ಟು ಬಳಸಿದವು, ಸ್ಥಾವರದ ಹತ್ತು ಕಿಲೋಮೀಟರ್ ಒಳಗಿನ ಜನ ಎಷ್ಟು ಉಸಿರಾಡಿದರು. ಮೀಟರುಗಳಿವೆ, ಗಾಳಿ ಅಳೆಯುವ ಯಂತ್ರಗಳಿವೆ. ನನ್ನ ತಂಡದ ಇಬ್ಬರು ಹುಡುಗರು ಒಂದು ತಿಂಗಳಲ್ಲಿ ಮಾಡಿಕೊಡುವ ಡ್ಯಾಶ್‌ಬೋರ್ಡ್ ಅದು.

ಮೂರನೆಯದು ವಲಸೆಯ ವಿಷಯ. ಒಂದು ಬೀದಿಯಿಂದ ದೂಳನ್ನು ಎತ್ತಿ ಇನ್ನೊಂದು ಬೀದಿಗೆ ಹಾಕುವುದನ್ನು ಪರಿಹಾರ ಎಂದು ಕರೆಯುವುದನ್ನು ನಿಲ್ಲಿಸೋಣ. ಹೊಸ ಘಟಕಕ್ಕೆ ಒಪ್ಪಿಗೆ ಕೇಳುವಾಗ ಈಗಾಗಲೇ ಬೂದಿ ಹೊತ್ತಿರುವ ಊರನ್ನೇ ಮತ್ತೆ ಆರಿಸಬಾರದು. 'ಅಲ್ಲಿ ಹೇಗೂ ಹಾಳಾಗಿದೆ' ಎಂಬುದು ಯೋಜನೆಯ ಭಾಷೆಯಲ್ಲ, ಕಸದ ತೊಟ್ಟಿಯ ಭಾಷೆ.

ನಾವು ಊರು ಬಿಟ್ಟು ಬಂದವರು. ಈ ಪತ್ರಿಕೆಯನ್ನು ನಡೆಸುವವರು, ಬರೆಯುವವರು, ಓದುವವರು ಬಹುತೇಕ ಹಾಗೆಯೇ. ಒಳ್ಳೆಯ ಬದುಕು ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯ ನಮಗೆ ಸಿಕ್ಕಿತು. ಕಲ್ಲಿದ್ದಲು ಕೂಡ ಹೀಗೇ ವಲಸೆ ಹೋಗುತ್ತದೆ, ಆದರೆ ಅದು ಹೋಗುವುದು ನಾವು ಬಿಟ್ಟು ಬಂದಂಥ ಊರುಗಳಿಗೆ. ಅದಕ್ಕೇ ಈ ಮಾತನ್ನು ನಾವಾದರೂ ಆಡಬೇಕು.

ಗೆಳೆಯರಿಗೆ ಈ ಲೆಕ್ಕದ ಕಾಗದದ ಫೋಟೋ ಕಳಿಸಿದೆ. "ಎಲ್ಲಾ ಸರಿ, ನೀನು ಎ.ಸಿ. ತೆಗೆಸಿದೆಯಾ?" ಅಂತ ಬರೆದರು. ತೆಗೆಸಿಲ್ಲ. ಎರಡರಲ್ಲಿ ಒಂದನ್ನು ನಿಲ್ಲಿಸಿದ್ದೇನೆ, ಅಮ್ಮನ ಕೋಣೆಯದು ಓಡುತ್ತಿದೆ. ಆದರೆ ನಾನು ಎ.ಸಿ. ತೆಗೆಸುವವರೆಗೆ ಎನ್ನೂರಿನವರು ಕಾಯಬೇಕು ಎಂಬುದು ಉತ್ತರವಲ್ಲ. ನಾನು ಕಪಟಿ ಎಂದು ಸಾಬೀತಾದರೂ ಅಳಿವೆಯ ಬೂದಿ ಅಲ್ಲೇ ಇರುತ್ತದೆ.

ನಿನ್ನೆ ಬೆಳಿಗ್ಗೆ ಬಾಲ್ಕನಿಯ ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿದೆ, ಆ ಬ್ರೋಕರ್ ಮಾಡಿದಂತೆಯೇ. ಬೆರಳು ಸ್ವಚ್ಛವಾಗಿತ್ತು. ಕೆಳಗೆ ಗೇಟಿನ ಬಳಿ ಅಕ್ಕ ಬುಟ್ಟಿ ಇಳಿಸುತ್ತಿದ್ದಳು. ತಂಗಿ ಹೇಗಿದ್ದಾಳೆ ಅಂತ ಕೇಳಿದೆ. ಕೆಮ್ಮು ಇನ್ನೂ ಹೋಗಿಲ್ಲ ಅಂದಳು.